ಬೇಲಿಯ ಸದ್ದು ಬಲ್ಲ ತಾತ

‘ಆಗೋ ಮಾತಲ್ಲ’ ಎಂದವರು ನಮ್ಮ ಲ್ಯಾಬಿನ ಮೇಷ್ಟ್ರು. ಅವರ ಮಾತು ಮತ್ತೆ ನೆನಪಾದದ್ದು ಹೋದ ವಾರ, ಸಂತೆಮರಹಳ್ಳಿ ಸಂತೆಯಲ್ಲಿ. ಗುಜರಿ ಸಾಮಾನಿನ ರಾಶಿಯಿಂದ ತೊಗಲಿನ ಹೊದಿಕೆಯ ಹಳೆಯ ಟ್ರಾನ್ಸಿಸ್ಟರೊಂದನ್ನು ಎತ್ತಿ ಮೂಸಿದೆ. ಬೆವರು, ಬೀಡಿ, ಸೋರಿದ ಸೆಲ್ಲು... ನಮ್ಮ ಪಕ್ಕದ ಮನೆಯ ವಾಚರ್ ತಾತ ಎದುರಿಗೇ ಬಂದು ನಿಂತಂತಾಯಿತು.

ನಮ್ಮೂರು ಗುಂಡ್ಲುಪೇಟೆಯಿಂದಾಚೆ, ಬಂಡೀಪುರದ ಕಾಡಂಚು. ಆನೆ ನುಗ್ಗದಿರಲೆಂದು ಊರವರೇ ಸೇರಿ ಹೊಲಗಳ ಸುತ್ತ ಸೋಲಾರ್ ಬೇಲಿ ಹಾಕಿಸಿದ್ದರು. ಅದನ್ನು ಕಾಯುವ ಕೆಲಸ ತಾತನದು. ನಾನು ಆಗ ಬಿ.ಇ. ಕೊನೆಯ ವರ್ಷದಲ್ಲಿದ್ದೆ. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ಹವಾಮಾನದ ಉಪಗ್ರಹ ತಲೆಯ ಮೇಲೆ ಹಾದುಹೋಗುವಾಗ ಕಳಿಸುವ ಮೋಡದ ಚಿತ್ರವನ್ನು ಮನೆಯಲ್ಲೇ ಹಿಡಿಯುವುದು ನನ್ನ ಪ್ರಾಜೆಕ್ಟ್. ಸಾಮಾನು ಇಷ್ಟೇ: ಲ್ಯಾಪ್‌ಟಾಪಿಗೆ ಸಿಕ್ಕಿಸುವ ಬೆರಳುದ್ದದ ರೇಡಿಯೊ ಡಾಂಗಲ್, ಮಾಳಿಗೆಯ ಮೇಲೆ ‘ವಿ’ ಆಕಾರದಲ್ಲಿ ಕಟ್ಟಿದ ಎರಡು ಅಲ್ಯೂಮಿನಿಯಂ ಕಡ್ಡಿ. ಉಳಿದದ್ದೆಲ್ಲ ಸಾಫ್ಟ್‌ವೇರಿನ ಕೆಲಸ.

ಚಿತ್ರವೇನೋ ಬಂತು. ಅದರ ತುಂಬ ಅಡ್ಡಡ್ಡ ಬಿಳಿ ಗೀರು! ಕಡ್ಡಿ ತಿರುಗಿಸಿದೆ, ಕೇಬಲ್ ಬದಲಿಸಿದೆ, ಮತ್ತೆ ಬೆಸುಗೆ ಹಾಕಿದೆ... ಗೀರು ಹೋಗಲಿಲ್ಲ. ಮೇಷ್ಟ್ರು ನೋಡಿ ನಕ್ಕರು. “ಎರಡು ಕಡ್ಡಿ ನೆಟ್ಟು ಉಪಗ್ರಹ ಹಿಡೀತೀಯಾ? ಆಗೋ ಮಾತಲ್ಲಮ್ಮ. ಸೋಮವಾರ ಸರಿಯಾದ ಚಿತ್ರ ತೋರಿಸು, ಇಲ್ಲ ಮುಂದಿನ ವರ್ಷ ಬಾ.” ಮುಂದಿನ ವರ್ಷ ಎಂಬುದೇ ನನಗಿರಲಿಲ್ಲ. ಈ ಸಲ ಮುಗಿಯದಿದ್ದರೆ ಓದು ಸಾಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಶನಿವಾರ ಸಂಜೆ ಜಗಲಿಯಲ್ಲಿ ಕೂತು ಉಪಗ್ರಹದ ರೆಕಾರ್ಡಿಂಗ್ ಕೇಳುತ್ತಿದ್ದೆ. ಹೊಲದ ಕಡೆ ಹೊರಟಿದ್ದ ತಾತ ಗಕ್ಕನೆ ನಿಂತರು.

“ಇದೇನಮ್ಮಿ, ನಮ್ ಬೇಲಿ ನಿನ್ ಪೆಟ್ಗೇಲಿ ಕುಂತದೆ!”

“ಬೇಲಿ ಅಲ್ಲ ತಾತ, ಉಪಗ್ರಹ.”

“ಯಾವ್ ಗ್ರವೋ ನಾ ಕಾಣೆ. ಟಿಕ್ ಟಿಕ್ ಅಂತದಲ್ಲ, ಅದು ಬೇಲಿ ಮಿಸನ್ನು ಕಣಮ್ಮಿ. ಎಲ್ಲೋ ಗಿಡ ತಂತಿ ಮುಟ್ಟದೆ. ಏಳು, ಓಗನ.”

ಟ್ರಾನ್ಸಿಸ್ಟರನ್ನು ಯಾವ ಸ್ಟೇಷನ್ನೂ ಸಿಗದ ಕಡೆ ತಿರುಗಿಸಿಕೊಂಡು ಬೇಲಿಯುದ್ದಕ್ಕೂ ನಡೆಯುವುದು ತಾತನ ಪದ್ಧತಿ. ತಂತಿ ಎಲ್ಲಿ ಕಿಡಿ ಹಾರಿಸುತ್ತದೋ ಅಲ್ಲಿ ಟಿಕ್ ಜೋರಾಗುತ್ತದೆ. ನಮ್ಮ ಲ್ಯಾಬಿನಲ್ಲಿ ಬೀರುವಿಗೆ ಬೀಗ ಹಾಕಿ ಇಟ್ಟಿದ್ದ, ರೇಡಿಯೊ ಅಲೆಗಳನ್ನು ಅಳೆಯುವ ಸ್ಪೆಕ್ಟ್ರಮ್ ಅನಲೈಸರಿನ ಕೆಲಸವನ್ನು ಈ ಮನುಷ್ಯ ಕಂಕುಳಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರಲ್ಲ! ನನ್ನ ಚಿತ್ರದ ಗೀರುಗಳೂ ಇದೇ ಟಿಕ್ಕಿನವು ಎಂದು ಹೊಳೆದದ್ದೇ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆರೆ ಏರಿಯ ತಿರುವಿನಲ್ಲಿ ಸದ್ದು ಕಿವಿಗೆ ಹೊಡೆಯಿತು. ಒದ್ದೆ ಲಂಟಾನದ ಕೊಂಬೆಯೊಂದು ತಂತಿಗೆ ಒರಗಿತ್ತು, ತುದಿಯಲ್ಲಿ ಪುಟ್ಟ ನೀಲಿ ಕಿಡಿ. ತಾತ ಬಿದಿರಿನ ದೋಟಿಯಿಂದ ಅದನ್ನು ಎಳೆದು ಹಾಕಿದರು. ಟ್ರಾನ್ಸಿಸ್ಟರ್ ಸುಮ್ಮನಾಯಿತು.

ಭಾನುವಾರ ಬೆಳಿಗ್ಗೆ ಉಪಗ್ರಹ ಬಂತು. ಒಂದೊಂದೇ ಸಾಲು ಇಳಿಯುತ್ತಾ ಬಂತು ಚಿತ್ರ: ಸಿಂಹಳ, ಕೇರಳದ ಕರಾವಳಿ, ನಮ್ಮ ಬೆಟ್ಟಗಳ ಮೇಲಿನ ಮೋಡ. ಒಂದೇ ಒಂದು ಗೀರಿಲ್ಲ! ನಾನು ಕೂಗಿಕೊಂಡದ್ದಕ್ಕೆ ಅವ್ವ ಹಿಟ್ಟಿನ ಕೋಲು ಹಿಡಿದೇ ಓಡಿ ಬಂದಳು. ತಾತನೂ ಬಂದು ಬಗ್ಗಿ ನೋಡಿದರು.

“ಇದ್ರಲ್ಲಿ ಆನೆ ಕಾಣ್ತವಾ?”

“ಆನೆ ಇರಲಿ, ನಮ್ಮೂರೇ ಕಾಣಲ್ಲ ತಾತ.”

“ಸರಿ ಬುಡು, ಕೆಳಗ್ ನಾವೇ ಕಾಯನ.”

ಸೋಮವಾರ ಮೇಷ್ಟ್ರು ಚಿತ್ರವನ್ನು ಎರಡು ಸಲ ತಿರುಗಿಸಿ ನೋಡಿದರು. ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ನಾನು ವಂದನೆ ಹೇಳಿದ್ದ ಹೆಸರಿನ ಮೇಲೆ ಬೆರಳಿಟ್ಟು, “ಇವರು ಯಾವ ಕಾಲೇಜಿನವರು?” ಎಂದರು. “ಬೇಲಿ ಕಾಯೋರು ಸಾರ್” ಎಂದೆ. ಮೇಷ್ಟ್ರು ಪೆನ್ನು ತೆಗೆದು ಸಹಿ ಹಾಕಿದರು.

ಈಗ ನಾನು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಪರೀಕ್ಷಿಸುತ್ತೇನೆ. ಲ್ಯಾಬಿನಲ್ಲಿ ಬೀಗದೊಳಗಿದ್ದ ಆ ಯಂತ್ರದಂಥದೇ ಒಂದು ನನ್ನ ಮೇಜಿನ ಮೇಲಿದೆ. ಅದನ್ನು ತಾತನಿಗೆ ತೋರಿಸಬೇಕೆಂದಿದ್ದೆ... ಎರಡು ಮಳೆಗಾಲದ ಹಿಂದೆ ಹೋಗಿಬಿಟ್ಟರು. ಚಿತ್ರ ಕಳಿಸಿದ ಆ ಹಳೆಯ ಉಪಗ್ರಹವೂ ಈಗ ಮಾತು ನಿಲ್ಲಿಸಿದೆ.

ಕೆಲಸದ ಗಡಿಬಿಡಿಯಲ್ಲಿ ತರದೇ ಉಳಿದಿದ್ದ ಡಿಗ್ರಿ ಸರ್ಟಿಫಿಕೇಟನ್ನು ಈ ಭಾನುವಾರ ಅವ್ವನ ಕೈಗೆ ಕೊಟ್ಟೆ. ಓದಲು ಬಾರದ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಹಿಡಿದಳು.

“ತಾತನ್ ಎಸ್ರು ಎಲ್ಲದೆ?”

“ಇದ್ರಲ್ಲಿ ನನ್ನೊಬ್ಬಳದೇ ಬರೋದು ಕಣವ್ವ.”

ಅವ್ವ ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಅರ್ಧನೇ ಬರ್ದವ್ರೆ ಕಣಮ್ಮಿ” ಎಂದಳು.