ಪಂಖದ ಹಗ್ಗಕ್ಕೆ ಕುಂಕುಮ

ಚರಿತ್ರೆ ಪಾಠ ಮಾಡಿ ನಿವೃತ್ತಳಾದವಳು ಸುಮ್ಮನೆ ಕೂರುವುದುಂಟೇ? ಚಾಮರಾಜಪೇಟೆಯ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಳೇ ಮನೆಯೊಂದರಲ್ಲಿ, ಬ್ರಿಟಿಷರ ಕಾಲದ ಸಾಮಾನುಗಳ ಸಣ್ಣ ಮ್ಯೂಸಿಯಂ ಇದೆ. ಬಂದವರಿಗೆ ವಿವರಿಸುವ ಕೆಲಸ ಹಿಡಿದೆ. ಮೊದಮೊದಲು ಗಂಭೀರವಾಗಿಯೇ ಹೇಳಿದೆ. ಜನ ಆಕಳಿಸಿದರು. ಪಾಠ ಕೇಳದ ತರಗತಿ ಎಂದರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ಹಾಗಾಗಿ ತಮಾಷೆಗೆ ಇಳಿದೆ.

ದಂಡಿನ, ಅಂದರೆ ಕಂಟೋನ್ಮೆಂಟಿನ, ಬಂಗಲೆಯೊಂದರಿಂದ ಬಂದ ಪಂಖವೇ ನನ್ನ ಮುಖ್ಯ ಸರಕು. ಸೂರಿನಿಂದ ಇಳಿಬಿಟ್ಟ ಅಗಲವಾದ ಬಟ್ಟೆ. ಅದರ ಹಗ್ಗವನ್ನು ಆಳೊಬ್ಬ ಗೋಡೆಯಾಚೆ ಕೂತು ಎಳೆಯುತ್ತಿದ್ದರೆ ಸಾಹೇಬನಿಗೆ ಗಾಳಿ. ಪಕ್ಕದಲ್ಲೇ ಸಾಹೇಬನ ಚಿತ್ರ. "ನೋಡಿ, ನಮ್ಮೂರ ಬೇಸಿಗೇಲಿ ಉಣ್ಣೆ ಕೋಟು ಹಾಕ್ಕೊಂಡು ಸೆಕೆ ಅಂತಾನೆ. ಅದನ್ನ ಬಿಚ್ಚಿದ್ರೆ ಒಬ್ಬನ ರಟ್ಟೆ ಉಳೀತಿತ್ತು!" ಎನ್ನುತ್ತಿದ್ದೆ. ಆಮೇಲೆ ಬಂದವರಲ್ಲಿ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಬ್ಬರ ಕೈಗೆ ಹಗ್ಗ ಕೊಡುತ್ತಿದ್ದೆ. ಕೂತವರು ಮೀಸೆ ತಿರುವುವರು. ಎಳೆದವರು ಸ್ವಲ್ಪ ಹೊತ್ತಿಗೇ "ಸಾಕು ಮೇಡಂ, ಭುಜ ಹೋಯ್ತು" ಎನ್ನುವರು. ನಗು ಮುಗಿಯುವ ಹೊತ್ತಿಗೆ ಪಾಠವೂ ತಲೆಗೆ ಹೋಗಿರುತ್ತಿತ್ತು.

ಅಮ್ಮ ಮಾತ್ರ ಅತ್ತ ತಲೆ ಹಾಕಲಿಲ್ಲ. ಅವಳ ತಾತ ದಂಡಿನಲ್ಲಿ ಪಂಖ ಎಳೆದೇ ಮನೆ ನಡೆಸಿದವರು. "ನಮ್ ತಾತ ಬೆವರು ಸುರಿಸಿದ್ದು ನಿಮಗೆ ನಗೋದಕ್ಕೇನೇ?" ಎಂದಿದ್ದಳು. ನಗುವುದು ಸಾಹೇಬನನ್ನು ನೋಡಿ ಎಂದು ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಆದರೂ ಆ ಮಾತು ನನ್ನನ್ನು ಚುಚ್ಚಿತ್ತು. ಅಮ್ಮ ಒಮ್ಮೆ ಬಂದು ನೋಡಲಿ, ಬೇಡ ಎಂದರೆ ಈ ಆಟವನ್ನೇ ಬಿಟ್ಟುಬಿಡೋಣ ಎಂದು ತೀರ್ಮಾನಿಸಿದ್ದೆ.

ಆಯುಧಪೂಜೆಯ ದಿನ "ಪೂಜೆಗಾದ್ರೂ ಬಾ" ಎಂದು ಕರೆದೆ. ದೇವರ ಕಾರ್ಯಕ್ಕೆ ಇಲ್ಲವೆನ್ನುವುದು ಅಮ್ಮನ ಜಾಯಮಾನವಲ್ಲ. ಬಂದಳು. ಕಾವಲಿನವರು ಸಾಹೇಬರ ಕಾಲದ ಕತ್ತಿ, ಕೋವಿಗಳನ್ನೆಲ್ಲ ಒರೆಸಿ, ಕುಂಕುಮವಿಟ್ಟು, ಚೆಂಡುಹೂ ಮುಡಿಸಿದ್ದರು. ನಮ್ಮವರ ಮೇಲೆ ಹಾರಿಸಿದ ಕೋವಿಗೂ ನಮ್ಮದೇ ಪೂಜೆ! ನನಗೆ ನಗು ಬಂತು, ಅಮ್ಮನಿಗೆ ಬರಲಿಲ್ಲ. ಪಂಖದ ಕೋಣೆಯಲ್ಲಿ ಸಾಹೇಬನ ಕೋಟಿನ ತಮಾಷೆಗೆ ನೆರೆದವರೆಲ್ಲ ನಕ್ಕಾಗಲೂ ಅವಳ ತುಟಿ ಅಲುಗಲಿಲ್ಲ.

ಅಮ್ಮ ಕುಂಕುಮದ ಬಟ್ಟಲು ತರಿಸಿಕೊಂಡಳು. "ಕತ್ತಿಗೆ ಇಟ್ರಿ, ಕೋವಿಗೆ ಇಟ್ರಿ. ಇದನ್ಯಾಕೆ ಬಿಟ್ರಿ? ನಮ್ ತಾತನ ಆಯುಧ ಇದೇ ಅಲ್ವಾ?" ಎಂದು ಹಗ್ಗಕ್ಕೆ ಕುಂಕುಮ ಹಚ್ಚಿ, ಹೂ ಸಿಕ್ಕಿಸಿ ಕೈ ಮುಗಿದಳು. ನಗುತ್ತಿದ್ದವರೂ ಕೈ ಮುಗಿದರು. ನನ್ನ ಕಣ್ಣು ತುಂಬಿತು.

ನನ್ನ ತಮಾಷೆಗೆ ಇನ್ನು ಮಂಗಳ ಹಾಡಿದಂತೆಯೇ ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು ಹೋಗಿ, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು.

"ಹಗ್ಗ ಹಿಡಿಯೇ" ಎಂದಳು ನನಗೆ.

ಎಳೆದೆ. ಪಂಖ ಕಿರ್ರೆಂದು ತೂಗಿತು, ಅಮ್ಮನ ನೆರೆಗೂದಲು ಹಾರಿತು. ಅವಳು ಚಿತ್ರದ ಸಾಹೇಬನ ಕಡೆ ತಿರುಗಿ, "ಈಗ ನಮ್ ಸರದಿ ಕಣಪ್ಪಾ. ನೀನು ಕೋಟು ಹಾಕ್ಕೊಂಡು ಅಲ್ಲೇ ಬೇಯ್ತಿರು" ಎಂದಳು.

ಹಾಗೆಂದು ಮೊದಲು ನಕ್ಕವಳು ಅಮ್ಮನೇ. ಭುಜ ನೋಯುತ್ತಿದ್ದರೂ ನಾನು ಹಗ್ಗ ಬಿಡಲಿಲ್ಲ.