ಕೃಷ್ಣೆಯನ್ನು ಅಂಕಿಗಳಲ್ಲಿ ಬರೆದ ಅಕ್ಕೋರು

ನಮ್ಮ ಟೈಪಿಂಗ್ ಅಕ್ಕೋರ ಬಲಗೈಯ ಕಿರುಬೆರಳು ಒಳಕ್ಕೆ ಬಾಗಿತ್ತು. ಚಿಕ್ಕಂದಿನಲ್ಲಿ ಮುರಿದು ಹಾಗೆಯೇ ಕೂಡಿಕೊಂಡದ್ದು. ಆ ಬೆರಳಿನಿಂದಲೂ ಅವರು ಒಂದು ಅಕ್ಷರ ತಪ್ಪದೆ ಒತ್ತುತ್ತಿದ್ದರು. ರಾಯಚೂರಿನ ಇಕ್ಕಟ್ಟಾದ ಓಣಿಯೊಂದರಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಅವರ ಟೈಪಿಂಗ್ ಶಾಲೆ. ಮಾನ್ವಿ ಕಡೆಯ ಕುರ್ಡಿ ಊರಿನ ಕೂಲಿ ಮನೆತನದ ನಾನು ಅಲ್ಲಿ ಕಲಿತು, ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅಲ್ಲಿಯೇ ಕಲಿಸುತ್ತಿದ್ದೆ.

ಒಳಗಿನ ಕೋಣೆಯಲ್ಲಿ ಅಕ್ಕೋರ ತಮ್ಮ ಇದ್ದ. ಸ್ನಾಯು ಸವೆಯುವ ಕಾಯಿಲೆ. ಕಾಲು ಮೊದಲೇ ಹೋಗಿದ್ದವು, ಈಗ ಕೈ ಸೋಲುತ್ತಿದ್ದವು. ದೇವದುರ್ಗದಲ್ಲಿ ಬೆಳೆದು ಕೃಷ್ಣೆಯಲ್ಲಿ ಈಜಿದವನಿಗೆ, ಬಸ್ಸು ಹತ್ತಲಾಗದೆ ಊರು ನೋಡಿ ವರ್ಷಗಳಾಗಿದ್ದವು. ದುಬೈಯಲ್ಲಿದ್ದ ಗೆಳೆಯನೊಬ್ಬ ಅವನಿಗೆ ಟಿವಿಗೆ ಜೋಡಿಸುವ ಸಣ್ಣ ಕಂಪ್ಯೂಟರು ತಂದುಕೊಟ್ಟ. ಜೊತೆಗೆ ಪ್ರೋಗ್ರಾಮು ತುಂಬಿದ ಎರಡು ಕ್ಯಾಸೆಟ್ಟು. ಒಂದರಲ್ಲಿ ವಿಮಾನ ಹಾರಿಸುವ ಆಟ. ಇನ್ನೊಂದರಲ್ಲಿ ಆ ಆಟಕ್ಕೆ ಸೇರಿಸಿಕೊಳ್ಳುವ ನದಿ, ಗುಡ್ಡ, ಊರು. ಆಟ ನಡೆಯಿತು. ಎರಡನೆಯ ಕ್ಯಾಸೆಟ್ಟು ಬೇರೆ ಮಾದರಿಯ ಕಂಪ್ಯೂಟರಿನದು. ನಮ್ಮದರಲ್ಲಿ ತೆರೆಯಲೇ ಇಲ್ಲ.

“ಬ್ಯಾಸರ ಬಂತಕ್ಕಾ. ಬರೇ ಬಯಲು. ಕೆಳಗ ಏನೂ ಇಲ್ಲ,” ಎಂದ ಅವನು ಒಂದು ದಿನ.

ಅಂದೇ ಅಕ್ಕೋರು ಕೂತರು. ಕಂಪ್ಯೂಟರಿನ ಜೊತೆ ಬಂದಿದ್ದ ಪುಸ್ತಕ ಓದಿ, ಕ್ಯಾಸೆಟ್ಟಿನೊಳಗಿದ್ದುದನ್ನು ಟಿವಿಯ ಮೇಲೆ ಅಂಕಿಗಳಾಗಿ ಮೂಡಿಸುವ ಪ್ರೋಗ್ರಾಮು ಬರೆದರು. ಯಾವ ಅಂಕಿ ಏನೆಂದು ಆಟ ಮಾಡಿದವರು ಎಲ್ಲಿಯೂ ಹೇಳಿರಲಿಲ್ಲ. ಒಂದನ್ನು ಬದಲಿಸುವುದು, ಆಟಕ್ಕೆ ಸೇರಿಸಿ ನೋಡುವುದು. ಹೆಚ್ಚಾಗಿ ಪರದೆ ನಿಂತೇ ಹೋಗುತ್ತಿತ್ತು.

“ಬಿಡ್ರಿ ಅಕ್ಕೋರ, ಅದು ನಮ್ಮ ಮಷೀನಿಂದಲ್ಲ,” ಎಂದೆ.

“ಮುಚ್ಚಿಟ್ಟಾರಂದ್ರ ಒಳಗ ಏನೋ ಅದ ಅಂತಲ್ಲೇನವ್ವಾ? ನೋಡೂಣು,” ಎಂದರು, ತಿರುಗಿ ನೋಡದೆ.

ತಿಂಗಳುಗಳ ನಂತರ ಒಂದು ಮಧ್ಯಾಹ್ನ ಪರದೆಯ ಮೇಲೆ ಒಂದು ಗೆರೆ ಮೂಡಿತು. ಅಂಕಿ ಬದಲಿಸಿದರೆ ಬಾಗುತ್ತಿತ್ತು. ಅದು ನದಿ. ಆಮೇಲೆ ಗುಟ್ಟು ತಿಳಿಯಿತು: ಅಂಕಿಗಳು ಸರಿಯಾಗಿಯೇ ಇದ್ದವು, ನಮ್ಮ ಕಂಪ್ಯೂಟರಿಗೆ ಬೇಕಾದ ಕ್ರಮದಲ್ಲಿ ಇರಲಿಲ್ಲ. ಅಕ್ಕೋರು ಎಲ್ಲವನ್ನೂ ಹೊಂದಿಸಿ ಪರದೇಶದ ಆ ಊರನ್ನು ತಮ್ಮನಿಗೆ ತೋರಿಸಿದರು. ಅವನು ಬಹಳ ಹೊತ್ತು ನೋಡಿದ.

“ಚಂದ ಅದ. ಆದ್ರ ಇದು ಯಾರ ಊರಕ್ಕಾ?”

ಅಕ್ಕೋರು ಜಿಲ್ಲೆಯ ನಕಾಶೆ ತರಿಸಿ, ಗ್ರಾಫ್ ಹಾಳೆಯ ಮೇಲಿಟ್ಟು, ಕೃಷ್ಣೆಯ ಒಂದೊಂದು ತಿರುವನ್ನೂ ಅಂಕಿಯಾಗಿಸತೊಡಗಿದರು. ಮುಗಿಯುವಷ್ಟರಲ್ಲಿ ತಮ್ಮನ ಬೆರಳು ಪೂರ್ತಿ ಸೋತಿದ್ದವು. ಅವನು ಹೇಳಿದಂತೆ ಅಕ್ಕೋರೇ ಒತ್ತಿದರು.

“ಎಡಕ್ಕ ತಿರಗಸಕ್ಕಾ. ಹೊಳಿ ಬಲಕ್ಕಿರ್ಲಿ. ತಡಿ ತಡಿ... ಇಲ್ಲೇ ನಾವು ಈಜತಿದ್ವಿ. ಇಳಸು ಸ್ವಲ್ಪ.”

ಪರದೆಯಲ್ಲಿದ್ದದ್ದು ಕಪ್ಪಿನ ಮೇಲೆ ನಾಲ್ಕು ಬಿಳಿ ಗೆರೆ. ಅಕ್ಕೋರು ಇಳಿಸಿದರು. ವಿಮಾನ ಹೊಳೆಗೆ ಬಿತ್ತು. “ಬಿದ್ವಿ!” ಎಂದು ಅವನು ಉಸಿರು ಕಟ್ಟುವಂತೆ ನಕ್ಕ. ಆಮೇಲೆ ದಿನಾ ಸಂಜೆ ಇಬ್ಬರೂ ದೇವದುರ್ಗಕ್ಕೆ ಹೋಗಿ ಬರುತ್ತಿದ್ದರು. ಆ ಚಳಿಗಾಲ ಅವನು ತೀರಿಕೊಂಡ.

ಜನರೆದುರು ಅಕ್ಕೋರು ಅಳಲಿಲ್ಲ. ಕೆಲವು ವಾರಗಳಾದ ಮೇಲೆ ನನ್ನನ್ನು ಒಳಗೆ ಕರೆದು ಕಂಪ್ಯೂಟರಿನ ಮುಂದೆ ಕೂಡಿಸಿದರು. “ನನ್ನ ಕೈಲೆ ಆಗವಲ್ದು. ನೀ ನಡಸು.” ನಾನು ಹಾರಿಸಿದೆ. ಬಲಕ್ಕೆ ಹೊಳೆ ಬಂದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ಎದ್ದು ಹೊರಡಲು ನೋಡಿದೆ. ಅವರು ಭುಜ ಹಿಡಿದು ಮತ್ತೆ ಕೂಡಿಸಿದರು.

“ಇದರಾಗ ನಿಮ್ಮೂರು ಕುರ್ಡಿ ಇಲ್ಲಲ್ಲವ್ವಾ. ಹ್ಯಾಂಗ ಹಾಕೂದು ತೋರಸ್ತೀನಿ, ನೋಡು.”

ಅಕ್ಕೋರು ತೀರಿಹೋಗಿ ಬಹಳ ಕಾಲವಾಯಿತು. ಮುಂದೆ ನಾನು ಮಾನ್ವಿಯಲ್ಲಿ ಮಕ್ಕಳಿಗೆ ಕಂಪ್ಯೂಟರು ಕಲಿಸಿ ಬದುಕಿದೆ. ಅದರ ಮೊದಲ ಪಾಠವನ್ನು ಅವರು ನನಗೆ ಹೇಳಿಕೊಟ್ಟದ್ದು ಆ ಕೋಣೆಯಲ್ಲಿ, ತಮ್ಮನ ಬರಿದಾದ ಮಂಚದ ಪಕ್ಕ ಕೂತು, ಕಣ್ಣು ಒರೆಸಿಕೊಳ್ಳುತ್ತಲೇ.