ಏಳು ತುಂಬುವುದರೊಳಗೆ ಹೊರಡಬೇಕಾಗಿದ್ದ ಮೋಟಾರು

ಈ ಬರಹವನ್ನು ಓದಲಿರುವವರ ಅವಗಾಹನೆಗೆ ಮೊದಲೇ ತರಬೇಕಾದ ಸಂಗತಿಯೊಂದಿದೆ. ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ನಕಲು ಗುಮಾಸ್ತನಾಗಿದ್ದ ನಾನು ಇದುವರೆಗೆ ಪರರ ಮಾತನ್ನು ನಕಲು ಮಾಡಿದ್ದೇನೆಯೇ ಹೊರತು ಸ್ವಂತ ಮಾತನ್ನು ಕಾಗದಕ್ಕೆ ಇಳಿಸಿದವನಲ್ಲ. ಆದ್ದರಿಂದ ಕ್ರಮ ತಪ್ಪಿದ್ದಲ್ಲಿ ಮನ್ನಿಸಬೇಕು. ವಿಷಯವೇನೆಂದರೆ, ಮಹಾರಾಜರ ಆಳ್ವಿಕೆಯಲ್ಲಿ, ಯುದ್ಧದ ಕಾಲದಲ್ಲಿ, ನಮ್ಮ ಕೊಟ್ಟಿಗೆಯಲ್ಲಿದ್ದ ಹಳೆಯ ಮೋಟಾರನ್ನು ಮನೆಯವರೇ ರಿಪೇರಿ ಮಾಡಿ, ಅದರಲ್ಲಿ ನನ್ನ ಅಕ್ಕನನ್ನು ಹೆರಿಗೆಗೆ ಕರೆತಂದದ್ದು.

ಅಕ್ಕನನ್ನು ಪಾವಗಡದ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಅವಳ ಮೊದಲ ಮಗು ಗಂಡನ ಮನೆಯಲ್ಲಿ ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿತು. ಅಲ್ಲಿ ಯಾರ ತಪ್ಪೂ ಇರಲಿಲ್ಲ. ಆದರೂ ಎರಡನೆಯದು ತಮ್ಮ ಕಣ್ಣೆದುರಿಗೇ ಆಗಬೇಕೆಂದು ನಮ್ಮ ತಾಯಿಯವರು ಪಟ್ಟು ಹಿಡಿದಿದ್ದರು. ಸಂತೆಗೆ ಬಂದ ಭಾವನವರ ಮುಖಾಂತರ ಅಕ್ಕನ ಅತ್ತೆಯವರ ಉತ್ತರ ಬಂದಿತು:

"ಗಾಡಿಗೂ ಕಳ್ಸಲ್ಲ, ಇದ್ದಿಲು ಬಸ್ಸಿಗೂ ಕಳ್ಸಲ್ಲ ಅಂದವ್ಳೆ ನಮ್ಮಮ್ಮ. ಮೋಟಾರ್ ತಂದ್ರೆ ಮಾತ್ರ. ಅದೂ ಏಳ್ರಾಗೆ. ಎಂಟು ಬಿತ್ತು ಅಂದ್ರೆ ಹೊಸ್ಲು ದಾಟ್ಸಾಕಿಲ್ವಂತೆ."

ಪೆಟ್ರೋಲಿನ ಅಭಾವದಿಂದ ಆಗ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡುತ್ತಿದ್ದವು. ಏಳನೆಯ ತಿಂಗಳಿನಲ್ಲಿ ಕಳುಹಿಸಬಹುದು, ಎಂಟರಲ್ಲಿ ಬಸುರಿಯನ್ನು ಊರು ದಾಟಿಸಕೂಡದು ಎಂಬುದು ನಮ್ಮ ಕಡೆಯಲ್ಲಿ ಎಲ್ಲರೂ ಪಾಲಿಸುತ್ತಿದ್ದ ನಿಯಮ. ಅದರ ಮೇಲೆ ಅಪೀಲು ಇರಲಿಲ್ಲ. ಅತ್ತೆಯವರ ಲೆಕ್ಕದಂತೆ ಎಂಟು ಬೀಳುವುದು ಒಂದು ಮಂಗಳವಾರ. ಮಂಗಳವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳುಹಿಸುವುದು ಮೊದಲೇ ಇಲ್ಲ. ಆದಕಾರಣ ಅದರ ಹಿಂದಿನ ಸೋಮವಾರವೇ ನಮಗೆ ಕಡೆಯ ದಿನವಾಯಿತು.

ಸದರಿ ಮೋಟಾರಿನ ಪೂರ್ವೋತ್ತರ ಹೀಗಿದೆ. ನಮ್ಮ ತಂದೆಯವರು ಸಿರಾದ ಒಬ್ಬ ಸಾಹುಕಾರರಲ್ಲಿ ಡ್ರೈವರಾಗಿದ್ದರು. ಸಾಹುಕಾರರು ಹೊಸದನ್ನು ಕೊಂಡಾಗ, ಬಟ್ಟೆಯ ಹುಡ್ಡಿನ ಆ ಹಳೆಯದನ್ನು "ನೀನೇ ಇಟ್ಕೋ" ಎಂದು ತಂದೆಯವರಿಗೆ ಬಿಟ್ಟುಕೊಟ್ಟರು. ಅದು ಎರಡು ಎತ್ತುಗಳಿಂದ ಎಳೆಸಿಕೊಂಡು ಬಂದು ನಮ್ಮ ಕೊಟ್ಟಿಗೆಯನ್ನು ಸೇರಿದ ಮೇಲೆ ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವು ಕೂರುತ್ತಿದ್ದವು. ಒಂದು ದೀಪದ ಬುರುಡೆಯಲ್ಲಿ ತಾಯಿಯವರು ಬೀಜದ ಅವರೆ ಇಡುತ್ತಿದ್ದರು.

ಕೋಳಿಗಳನ್ನು ಎಬ್ಬಿಸಿದ ದಿನದಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಕಚೇರಿಗೆ ಹೋಗುವ ಮುನ್ನ, ಸಂಜೆ ಬಂದ ಕೂಡಲೇ ನಾನು ಮೋಟಾರಿನ ಕೆಳಗೆ ಇರುತ್ತಿದ್ದೆ. ತಂದೆಯವರಿಗೆ ಸೊಂಟ ಬಗ್ಗುತ್ತಿರಲಿಲ್ಲ. ಅವರು ಒರಳುಕಲ್ಲಿನ ಮೇಲೆ ಕುಳಿತು ಬೈಗುಳದ ಮೂಲಕ ಅಪ್ಪಣೆ ಮಾಡುತ್ತಿದ್ದರು.

"ಎಡಕ್ಕೆ ತಿರ್ಗ್ಸೋ ಲೇ! ಬರ್ಕೊಂಡು ಬರ್ಕೊಂಡು ಕೈಯಾಗೆ ಸತ್ವನೇ ಇಲ್ದಂಗೆ ಆಗೋಗದೆ ಕಣ್ಲಾ ನಿಂಗೆ."

"ತುಕ್ಕು ಹಿಡಿದದೆ ಅಪ್ಪ, ತಿರುಗಾಕಿಲ್ಲ."

"ತುಕ್ಕು ಯಾರಿಗೆ ಹಿಡಿದದೆ ಅಂತ ನಂಗೊತ್ತು. ಹರಳೆಣ್ಣೆ ಬುಡು, ನಾಳೆ ತಿರುಗ್ತದೆ."

ಹರಳೆಣ್ಣೆ ಬಿಟ್ಟೆವು, ಮಾರನೆಯ ದಿನ ತಿರುಗಿತು. ಎಂಜಿನ್ನಿನ ಎರಡು ಭಾಗಗಳ ನಡುವೆ ಇಡುವ ಹಾಳೆ ಪುಡಿಯಾಗಿತ್ತು. ರದ್ದಾದ ಕಡತದ ರಟ್ಟೊಂದನ್ನು ಶಿರಸ್ತೇದಾರರ ಅನುಮತಿ ಪಡೆದು ತಂದು, ಅದೇ ಆಕಾರಕ್ಕೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಕೂರಿಸಿದೆವು. ಟಯರು ಬಿರುಕು ಬಿಟ್ಟ ಕಡೆ ಇನ್ನೊಂದು ಹಳೆಯ ಟಯರಿನ ತುಂಡನ್ನು ಒಳಗಿಟ್ಟೆವು. ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುತ್ತಿತ್ತು. ಅದಕ್ಕೆ "ಗರ್ಭಿಣಿಯನ್ನು ಕರೆತರುವ ಬಾಬತ್ತು" ಎಂದು ಅರ್ಜಿಯನ್ನು ನಾನೇ ಬರೆದು, ಮಂಜೂರಾಗುವವರೆಗೆ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ರಾತ್ರಿ ಚಂದ್ರ ಸವೆಯುವುದನ್ನು ತಾಯಿಯವರು ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಉಳಿದ ದಿನಗಳನ್ನು ಬೆರಳು ಮಡಿಸಿ ಎಣಿಸಿ ಒಳಗೆ ಹೋಗುತ್ತಿದ್ದರು.

ಕಡೆಯ ವಾರದಲ್ಲಿ ಎಂಜಿನ್ನು ಕೂಗಿತು. ಎತ್ತುಗಳು ಹಗ್ಗ ಕಿತ್ತುಕೊಂಡವು. ತಂದೆಯವರು ಒರಳುಕಲ್ಲಿನಿಂದ ಎದ್ದುನಿಂತರು. ಅಷ್ಟರಲ್ಲಿ ಮೋಟಾರಿನ ಮೂತಿಯಿಂದ ನೀರು ತೊಟ್ಟಿಕ್ಕಲಾರಂಭಿಸಿತು. ಎಂಜಿನ್ನನ್ನು ತಂಪು ಮಾಡುವ ನೀರು ನಿಲ್ಲುವ ಹಿತ್ತಾಳೆಯ ರೇಡಿಯೇಟರು ಸೋರುತ್ತಿತ್ತು.

ಸಿರಾದಿಂದ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರನ್ನು ಕರೆಸಿದೆವು. ಅವರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು.

"ಅರೆ ಯಜಮಾನ್ರೆ, ಇದು ಪೂರಾ ಖರಾಬ್. ಒಂದು ತೂತು ಮುಚ್ಚಿದ್ರೆ ಪಕ್ಕದ್ದು ಬಾಯಿ ಬಿಡ್ತದೆ. ಇದ್ರಾಗೆ ಹಿಟ್ಟು ಜರಡಿ ಆಡಿಸ್ಬೋದು."

ಆದರೂ ಅವರು ಕೈಲಾದಷ್ಟು ಬೆಸುಗೆ ಹಾಕಿದರು. ಭಾನುವಾರ ನೀರು ತುಂಬಿಸಿ ನೋಡಿದಾಗ ಮತ್ತೆ ತೊಟ್ಟಿಕ್ಕಿತು. ತಂದೆಯವರು ಸ್ಪಾನರನ್ನು ನೆಲಕ್ಕೆ ಎಸೆದರು. ತಾಯಿಯವರು ಅದನ್ನು ಎತ್ತಿಟ್ಟು ಹೇಳಿದರು:

"ಹೊಸ ಮಡಿಕೆ ಸೋರಿದ್ರೆ ಏನ್ ಮಾಡ್ತೀವಿ? ರಾಗಿಹಿಟ್ಟು ಕಲಸಿ ಅಂಬ್ಲಿ ಕಾಯಿಸ್ತೀವಿ. ತೂತೆಲ್ಲ ಮುಚ್ಕೊಳ್ಳಲ್ವಾ?"

"ಅದು ಮಡಿಕೆ ಕಣೇ, ಇದು ಮೋಟಾರು!"

"ಒಳಗೆ ನೀರು, ಕೆಳಗೆ ಬೆಂಕಿ. ಮಡಿಕೆಗೂ ಅದ್ಕೂ ಏನ್ ಯತ್ವಾಸ ಹೇಳಿ ನೋಡಾನ."

ತಂದೆಯವರು ರೇಡಿಯೇಟರಿನ ಮುಚ್ಚಳ ಬಿಚ್ಚಿದರು. "ಹಾಕು, ಅದೊಂದ್ ಬಾಕಿ ಐತೆ," ಎಂದರು. ತಾಯಿಯವರು ಹಿಟ್ಟನ್ನು ತೆಳ್ಳಗೆ ಕದಡಿ, ಶೋಧಿಸಿ, ರೇಡಿಯೇಟರಿನ ಬಾಯಿಗೆ ಹೊಯ್ದರು. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿದೆವು. ಸೋರುವುದು ನಿಂತಿತು. ಕೆರೆ ಏರಿಯವರೆಗೆ ಹೋಗಿ ಬಂದೆವು, ಒಂದು ತೊಟ್ಟೂ ಬೀಳಲಿಲ್ಲ. ತಂದೆಯವರು ಎದುರಿಗೆ ಸಿಕ್ಕವರಿಗೆಲ್ಲ ಅದು ತಮ್ಮದೇ ಉಪಾಯವೆಂಬಂತೆ ವಿವರಿಸಿದರು.

ಸೋಮವಾರ ರಜಾ ಪಡೆದು ಬೆಳಿಗ್ಗೆಯೇ ತಂದೆಯವರೊಡನೆ ಹೊರಟೆ. ಸಂಜೆ ದೀಪ ಹಚ್ಚುವುದರೊಳಗೆ ಅಕ್ಕ ಆ ಮನೆಯಿಂದ ಹೊರಬಿದ್ದಿರಬೇಕಾಗಿತ್ತು, ಏಕೆಂದರೆ ದೀಪ ಹಚ್ಚಿದ ಮೇಲೆ ಮನೆಯ ಹೆಣ್ಣುಮಕ್ಕಳನ್ನು ಕಳುಹಿಸಿಕೊಡುವವರಿಲ್ಲ. ಮಿಡಿಗೇಶಿ ದಾಟುವವರೆಗೆ ಎಲ್ಲವೂ ಸರಿಯಾಗಿತ್ತು. ಅಲ್ಲಿಂದ ಮುಂದೆ ಮದರಾಸು ಸೀಮೆಯ ನೆಲ ಸ್ವಲ್ಪ ದೂರ ಅಡ್ಡ ಬರುತ್ತದೆ, ಆ ಕಡೆಯವರ ಮಾತಿನಲ್ಲಿ ತೆಲುಗು ಬೆರೆತಿರುತ್ತದೆ. ಅಲ್ಲಿಯ ಏರಿನಲ್ಲಿ ಎಂಜಿನ್ನು ಗೊರಗೊರ ಎಂದು ಕೊನೆಗೆ ನಿಂತುಬಿಟ್ಟಿತು. ತಂದೆಯವರು ಗೋಣಿತಾಟು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ಬುಸ್ಸೆಂದು ಕಂದುಬಣ್ಣದ ಬಿಸಿ ಅಂಬಲಿ ಮೇಲಕ್ಕೆದ್ದು, ಮೋಟಾರಿನ ಮೂತಿಯ ಮೇಲೆಲ್ಲ ಇಳಿಯಿತು.

"ಲೇ, ಬೆಂದೈತೆ ಕಣ್ಲಾ," ಎಂದರು ತಂದೆಯವರು, ಬಹಳ ಮೆಲ್ಲಗೆ.

ತೂತುಗಳ ಜೊತೆಗೆ ನೀರು ಹರಿಯುವ ಸಣ್ಣ ಕೊಳವೆಗಳೂ ಮುಚ್ಚಿಕೊಂಡಿದ್ದವು. ಕೆಳಗಿನ ಬಿರಡೆ ಬಿಚ್ಚಿ ಒಳಗಿದ್ದುದನ್ನೆಲ್ಲ ಹೊರಕ್ಕೆ ಬಗ್ಗಿಸಬೇಕಾಯಿತು. ಹತ್ತಿರದ ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸೊಬ್ಬಳು ಬಿಂದಿಗೆ ಹೊತ್ತು ಬಂದು, ರಸ್ತೆಯಲ್ಲಿ ಹರಿಯುತ್ತಿದ್ದುದನ್ನು ನೋಡಿ ನಿಂತಳು.

"ಏಂದಣ್ಣಾ ಇದಿ? ಮೋಟಾರ್ಗೂ ಅಂಬ್ಲಿ ಉಯ್ತೀರಾ?"

"ಹೂಂ ಕಣಮ್ಮ, ಉಪಾಸ ಇತ್ತು."

"ಉಪ್ಪು ಹಾಕಿಲ್ವಾ? ಅದ್ಕೇ ಸೇರಿಲ್ಲ ಅನ್ಸುತ್ತೆ."

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಿಸಿಲು ನೆತ್ತಿಯಿಂದ ಜಾರಿತ್ತು. ಅವಳು ಬಿಂದಿಗೆಯನ್ನು ನನ್ನ ಕೈಗಿತ್ತು ಬಾವಿಯ ಬಳಿಗೆ ಹಿಂದಿರುಗಿದಳು. ಅವಳು ಸೇದಿಕೊಟ್ಟದ್ದನ್ನು ನಾನು ಓಡಿ ತಂದು ಹೊಯ್ಯುವುದು, ತಂದೆಯವರು ಬಾಯಿಟ್ಟು ಊದುವುದು, ಕೆಳಗೆ ಮುದ್ದೆಮುದ್ದೆಯಾಗಿ ಬೀಳುವುದನ್ನು ನೋಡುವುದು, ಮತ್ತೆ ಓಡುವುದು. ಓಡುವಾಗಲೆಲ್ಲ ನನ್ನ ನೆರಳು ಉದ್ದವಾಗುತ್ತಿರುವುದು ಕಾಣುತ್ತಿತ್ತು. ತಂದೆಯವರ ತುಟಿ, ಮೀಸೆಗಳಿಗೆಲ್ಲ ಹಿಟ್ಟು ಹತ್ತಿತ್ತು. ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಕಡೆಗೆ ನೀರು ತಿಳಿಯಾಗಿ ಬಂದಿತು, ಜೊತೆಗೆ ಹಳೆಯ ತೂತುಗಳಲ್ಲಿ ಕೆಲವು ಬಾಯಿ ತೆರೆದವು. ಆ ಹೆಂಗಸಿನ ಬಿಂದಿಗೆಯನ್ನೇ ಬೇಡಿ ಹಿಂದಿನ ಸೀಟಿನಲ್ಲಿಟ್ಟುಕೊಂಡು, ನಿಂತು ನಿಂತು, ಹೊಯ್ದು ಹೊಯ್ದು ಮುಂದೆ ಹೋದೆವು.

ಅಕ್ಕನ ಮನೆ ತಲುಪಿದಾಗ ಸೂರ್ಯ ಗುಡ್ಡದ ಹಿಂದಕ್ಕೆ ಹೋಗಿದ್ದನು. ದನಗಳು ಹಟ್ಟಿಗೆ ಬಂದಾಗಿತ್ತು. ಅತ್ತೆಯವರು ಬತ್ತಿ ಹೊಸೆದ ದೀಪವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ, ಒಳಗಿನ ಮಬ್ಬಿನಲ್ಲಿ, ಟ್ರಂಕಿನ ಮೇಲೆ ಅಕ್ಕ ಕುಳಿತಿದ್ದಳು. ಬೆಳಗಿನಿಂದ ಹಾಗೆಯೇ ಕುಳಿತಿದ್ದಳೆಂದು ಆಮೇಲೆ ತಿಳಿಯಿತು. ಅವಳು ನನ್ನನ್ನು ನೋಡಲಿಲ್ಲ, ಅತ್ತೆಯವರ ಕೈಯಲ್ಲಿದ್ದ ದೀಪವನ್ನು ನೋಡುತ್ತಿದ್ದಳು.

"ಇದೇನ್ ಬೀಗ್ರೇ, ಇದಾ ಬರೋ ಹೊತ್ತು? ದೀಪ ಹಚ್ಚೋ ಟೈಮಾಗೈತೆ. ನಾಳೆ ಮಂಗ್ಳಾರ, ಮ್ಯಾಲೆ ಎಂಟು."

ತಂದೆಯವರು ರುಮಾಲು ತೆಗೆದು ಕೈಯಲ್ಲಿ ಹಿಡಿದರು.

"ಮೋಟಾರು ಅಂಬ್ಲಿ ಕಕ್ತು, ಬೀಗ್ತಮ್ಮ."

"ಏಮಿ?"

ತಂದೆಯವರು ಎಲ್ಲವನ್ನೂ ಹೇಳಿದರು. ಅತ್ತೆಯವರು ತಂದೆಯವರ ಮೀಸೆಯನ್ನು ನೋಡಿದರು, ಮೋಟಾರಿನ ಮೂತಿಯ ಮೇಲೆ ಒಣಗಿ ಹೊಪ್ಪಳೆಯೆದ್ದ ಹಿಟ್ಟನ್ನು ಉಗುರಿನಿಂದ ಕೆರೆದು ಮೂಸಿದರು. "ಅಯ್ಯೋ ದೇವುಡಾ," ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕುವಷ್ಟು ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡರು.

"ನಾನಿದ್ರೂ ಅದೇ ಹಾಕ್ತಿದ್ದೆ. ಆ ಮಗೀನ್ ಮಣ್ಗಿಟ್ಟ ದಿನ ನಮ್ಮ ಬೀಗ್ತಿ ಒಬ್ರೇ ಅತ್ತಿಲ್ಲ," ಎಂದರು. ಬಳಿಕ ಒಳಗೆ ತಿರುಗಿ, "ಲೆಯ್ಯಮ್ಮಾ, ಎದ್ದೇಳು! ದೀಪ ಇನ್ನೂ ಹಚ್ಚಿಲ್ಲ. ಬಲಗಾಲಿಟ್ಟು ಹೊಸ್ಲು ದಾಟು. ರಾತ್ರಿ ಎದುರು ಮನ್ಯಾಗೆ ಮಲ್ಕೋ. ಇವತ್ತು ದಾಟಿದ್ರೆ ಇವತ್ತೇ ಹೊಂಟಂಗೆ," ಎಂದರು.

ಪ್ರಯಾಣಕ್ಕೆ ಒಳ್ಳೆಯ ಹೊತ್ತು ತಪ್ಪಿಹೋಗುವಂತಿದ್ದರೆ ಗಂಟನ್ನು ಮೊದಲೇ ಪಕ್ಕದ ಮನೆಯಲ್ಲಿ ಇಟ್ಟು ಬರುವುದನ್ನು ನಾನು ಕಂಡಿದ್ದೆ. ಮನುಷ್ಯರನ್ನೇ ಹಾಗೆ ಇಟ್ಟದ್ದನ್ನು ಅಂದೇ ಕಂಡದ್ದು. ಅಕ್ಕ ದಾಟಿದಳು. ಆಮೇಲೆಯೇ ಅತ್ತೆಯವರು ದೀಪ ಹಚ್ಚಿದರು. ಅಕ್ಕ ಹಣಿಗೆ ಮರೆತಿದ್ದಳು, ತಿರುಗಿ ಒಳಗೆ ಹೋಗುವಂತಿರಲಿಲ್ಲ. ಹಣಿಗೆ, ಹೊದಿಕೆ, ಊಟದ ತಟ್ಟೆ ಎಲ್ಲವನ್ನೂ ಅತ್ತೆಯವರೇ ಬೀದಿ ದಾಟಿ ತಂದುಕೊಟ್ಟರು. ಪ್ರತಿ ಸಲವೂ "ಒಳಕ್ಕೆ ಮಾತ್ರ ಬರ್ಬ್ಯಾಡ" ಎಂದು ಹೇಳಿ ಹೋಗುತ್ತಿದ್ದರು.

ಮಾರನೆಯ ದಿನ ಅಕ್ಕನ ಪಕ್ಕದಲ್ಲಿ ಬಿಂದಿಗೆ ಇಟ್ಟುಕೊಂಡು ಹೊರಟೆವು. ದಾರಿಯುದ್ದಕ್ಕೂ ನನ್ನ ಕಿವಿ ಎಂಜಿನ್ನಿನ ಮೇಲೆ, ಕಣ್ಣು ಅಕ್ಕನ ಮುಖದ ಮೇಲೆ ಇತ್ತು. ಗುಂಡಿಗೆ ಇಳಿದಾಗಲೆಲ್ಲ "ಅಕ್ಕಾ?" ಎನ್ನುತ್ತಿದ್ದೆ. "ಸುಮ್ಕೆ ಕೂರೋ, ನೀನೇ ಹೆರೋನಂಗೆ ಆಡ್ತೀಯ," ಎಂದು ಬೈಸಿಕೊಂಡೆ. ಬಾವಿಯ ಬಳಿ ನಿಲ್ಲಿಸಿ ಬಿಂದಿಗೆಯನ್ನು ಅದರ ಒಡತಿಗೆ ಒಪ್ಪಿಸಿ, ಅವಳು ಕೊಟ್ಟ ಬಾಯಿ ಒಡೆದ ಮಡಕೆಯಲ್ಲಿ ನೀರು ತುಂಬಿಕೊಂಡೆವು.

ಮನೆಯ ಮುಂದೆ ಮೋಟಾರು ನಿಂತಾಗ ತಾಯಿಯವರು ಓಡಿಬಂದು ಅಕ್ಕನನ್ನು ಮೆಲ್ಲಗೆ ಇಳಿಸಿಕೊಂಡರು. ಒಳಗೆ ಕೂರಿಸಿ, ದೃಷ್ಟಿ ತೆಗೆದು, ಹೊರಗೆ ಬಂದು ಮೋಟಾರಿನ ಮೂತಿಯಡಿಗೆ ಬಗ್ಗಿ ನೋಡಿದರು. ನೀರು ತೊಟ್ಟಿಕ್ಕುತ್ತಿತ್ತು.

"ಹಿಟ್ಟು ಕಡ್ಮೆ ಆಯ್ತೇನೋ ಕಣಪ್ಪ," ಎಂದರು.

ತಂದೆಯವರು ಮೀಸೆ ಒರೆಸಿಕೊಂಡು ಹೋಗಿ ಒರಳುಕಲ್ಲಿನ ಮೇಲೆ ಕುಳಿತರು. ಅಕ್ಕನಿಗೆ ನಮ್ಮ ನಡುಮನೆಯಲ್ಲಿ ಹೆಣ್ಣುಮಗುವಾಯಿತು. ಅದು ಅತ್ತು, ಹಾಲು ಕುಡಿದು, ಹೆಸರಿಡುವ ದಿನವನ್ನು ದಾಟಿತು. ಆ ದಿನದವರೆಗೆ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಕುಳಿತು ಉಂಡಿರಲಿಲ್ಲ ಎಂಬುದನ್ನು ಇಲ್ಲಿ ನಮೂದಿಸುತ್ತೇನೆ.